‘ನಿಮ್ಮ ದೇವ್ರು ಒಬ್ಬಾನೋ, ಮೂರ ಮಂದೀನೋ?’: ಕ್ರೈಸ್ತ ನಂಬಿಕೆಯ ಬಗ್ಗೆ ವಾದಕ್ಕೆ ಕೂರುವ ಮುನ್ನ

“ನಿಮ್ಮ ದೇವ್ರು ಒಬ್ಬಾನೋ, ಮೂರ ಮಂದೀನೋ? ಅದನ್ನ ಹೇಳ್ರಿ ಮೊದಲ.”

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಕ್ರೈಸ್ತರ ಜೊತೆ ವಾದಕ್ಕೆ ಇಳಿದವರ ಮೊದಲ ಪ್ರಶ್ನೆ ಬಹುಮಟ್ಟಿಗೆ ಇದೇ. ಆದರೆ ಕೇಳುವವರು ಬೇರೆ ಬೇರೆ. ವಿಜಯಪುರದ ಮುಸ್ಲಿಂ ಗೆಳೆಯ ಕೇಳಿದರೆ ಅದರ ಹಿಂದೆ ತೌಹೀದ್ ಇದೆ, ಅಂದರೆ ದೇವರಿಗೆ ಪಾಲುದಾರರನ್ನು ಸೇರಿಸುವಂತಿಲ್ಲ ಎಂಬ ನಿಷ್ಠೆ. ಕೂಡಲಸಂಗಮದ ಸುತ್ತಿನ ಶರಣ ಪರಂಪರೆಯವರು ‘ದೇವನೊಬ್ಬ ನಾಮ ಹಲವು’ ಎಂಬಲ್ಲಿಂದ ಕೇಳುತ್ತಾರೆ. ಮೂರು ಹೆಸರೆಂದರೆ ಅವರಿಗೆ ತಕರಾರಿಲ್ಲ, ಮೂರು ಮಂದಿ ಎಂದರೆ ಇದೆ. ಬೆಳಗಾವಿಯ ಕಾಲೇಜಿನ ವಿಚಾರವಾದಿ ಹುಡುಗನಿಗೆ ಇದು ಬರೀ ಲೆಕ್ಕ: ಒಂದು, ಒಂದು, ಒಂದು ಕೂಡಿದರೆ ಮತ್ತೆ ಒಂದಾಗುವುದು ಹೇಗೆ? ಜೈನ ಹಿರಿಯರಿಗೋ ಎಣಿಕೆಯ ಗೊಡವೆಯೇ ಇಲ್ಲ, ಸೃಷ್ಟಿಕರ್ತ ಯಾಕೆ ಬೇಕು ಎಂಬುದೇ ಅವರ ಪ್ರಶ್ನೆ. ನಾಲ್ವರಿಗೂ ಒಂದೇ ಉತ್ತರ ಒಪ್ಪಿಸಹೋದರೆ ನಾಲ್ವರಿಗೂ ಅದು ತಾಗುವುದಿಲ್ಲ.

ಈ ಸೀಮೆಗೆ ಈ ವಾದ ಹೊಸದೂ ಅಲ್ಲ. ಲಂಡನ್ ಮಿಷನರಿ ಸೊಸೈಟಿ 1820ರಲ್ಲಿ ಬೆಳಗಾವಿಗೆ ಬಂತು. ಬಾಸೆಲ್ ಮಿಷನ್ 1851ರಲ್ಲಿ ಗುಳೇದಗುಡ್ಡದಲ್ಲಿ, 1885ರಲ್ಲಿ ವಿಜಯಪುರದಲ್ಲಿ ನೆಲೆಯೂರಿತು. ಅದಕ್ಕೂ ಸುಮಾರು ಸಾವಿರ ವರ್ಷ ಮೊದಲು, ಪಟ್ಟದಕಲ್ಲಿನ ಜೈನ ಬಸದಿ ಎದ್ದ 9ನೇ ಶತಮಾನದಲ್ಲೇ, ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಮಹಾಪುರಾಣದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನು ಎಳೆಎಳೆಯಾಗಿ ಬಿಡಿಸಿ ಪ್ರಶ್ನಿಸಿದ್ದರು. ಸಂಶಯವೆಂಬುದು ಇಂಗ್ಲಿಷ್ ಪುಸ್ತಕ ಓದಿ ಕಲಿತ ಚಟ ಎಂದುಕೊಂಡು ಬರುವ ಪಾಸ್ಟರು ಇಲ್ಲಿ ಮೊದಲ ಸುತ್ತಿನಲ್ಲೇ ಸುಸ್ತಾಗುತ್ತಾರೆ.

ಪದಗಳನ್ನು ಮೊದಲು ತೂಗಿ

ಜಗಳದ ಅರ್ಧ ಪಾಲು ಹುಟ್ಟುವುದು ಕನ್ನಡ ಪದಗಳಲ್ಲೇ. ಹೇಳುವವರ ಮನಸ್ಸಿನಲ್ಲಿ ಒಂದು ಅರ್ಥ, ಕೇಳುವವರ ಕಿವಿಯಲ್ಲಿ ಇನ್ನೊಂದು.

‘ದೇವರು ಜಗತ್ತನ್ನು ಶೂನ್ಯದಿಂದ ಸೃಷ್ಟಿಸಿದ’ ಎಂಬ ಮಾತನ್ನೇ ನೋಡಿ. ಹೇಳುವವರ ಅರ್ಥ: ಮೊದಲು ಏನೂ ಇರಲಿಲ್ಲ, ಮಣ್ಣು-ನೀರಿನಂಥ ಕಚ್ಚಾವಸ್ತುವೂ ಇರಲಿಲ್ಲ. ಆದರೆ ವಚನ ಕೇಳಿ ಬೆಳೆದವರಿಗೆ ಶೂನ್ಯ ಎಂದರೆ ಖಾಲಿ ಅಲ್ಲ. ಅದು ಬಯಲು, ಪರಿಪೂರ್ಣ, ಅಲ್ಲಮಪ್ರಭು ಕೂತ ಶೂನ್ಯಸಿಂಹಾಸನ. ಅವರ ಕಿವಿಗೆ ಆ ವಾಕ್ಯ ‘ಜಗತ್ತು ಪರವಸ್ತುವಿನಿಂದಲೇ ಹೊಮ್ಮಿತು’ ಎಂದು ಕೇಳುತ್ತದೆ. ಅಂದರೆ ಕ್ರೈಸ್ತರು ಹೇಳಹೊರಟದ್ದಕ್ಕೆ ನೇರ ಉಲ್ಟಾ. ‘ಏನೇನೂ ಇಲ್ಲದಿದ್ದಾಗ ದೇವರ ಇಚ್ಛೆಯಿಂದ ಉಂಟಾಯಿತು’ ಎಂದು ಬಿಡಿಸಿ ಹೇಳಿದರೆ ಆ ಗೊಂದಲ ಬರುವುದಿಲ್ಲ.

‘ಅವತಾರ’ವೂ ಹಾಗೆಯೇ. ಯೇಸುವಿನ ‘ನರಾವತಾರ’ ಎಂಬ ಪದ ಚರ್ಚುಗಳಲ್ಲಿ ರೂಢಿಯಲ್ಲಿದೆ. ಕೇಳಿದವರು ಕೂಡಲೇ ಹನ್ನೊಂದನೆಯ ಅವತಾರ ಎಂದು ಲೆಕ್ಕ ಹಾಕಿಬಿಡುತ್ತಾರೆ. 451ರಲ್ಲಿ ಕ್ರೈಸ್ತ ಬಿಷಪ್ಪರು ಸೇರಿದ ಕಾಲ್ಸಿದೋನ್ ಮಹಾಸಭೆ ಹೇಳಿದ್ದು ಬೇರೆ: ಒಬ್ಬನೇ ವ್ಯಕ್ತಿ, ಅವನಲ್ಲಿ ಪೂರ್ಣ ದೈವತ್ವವೂ ಪೂರ್ಣ ಮನುಷ್ಯತ್ವವೂ, ಎರಡೂ ಬೆರೆತುಹೋಗಿಲ್ಲ, ಬೇರೆಯಾಗಿಯೂ ಇಲ್ಲ. ಮನುಷ್ಯತ್ವ ವೇಷವಲ್ಲವಾದ್ದರಿಂದ ಕೆಲಸ ಮುಗಿದ ಮೇಲೆ ಕಳಚಿಡುವಂಥದ್ದೂ ಅಲ್ಲ.

ಇನ್ನು ‘ವಾಕ್ಯ’. ಯೋಹಾನನ ಸುವಾರ್ತೆಯ ಆರಂಭದಲ್ಲಿ ಗ್ರೀಕಿನ ಲೋಗೋಸ್ ಎಂಬಲ್ಲಿ ಹಳೆಯ ಕನ್ನಡ ಅನುವಾದ ಇಟ್ಟದ್ದು ಈ ಪದ. ಚರ್ಚಿಗೆ ಹೋಗಿ ಬಂದು ರೂಢಿಯಿಲ್ಲದವರಿಗೆ ನೆನಪಾಗುವುದು ವ್ಯಾಕರಣದ ಕರ್ತೃ, ಕರ್ಮ, ಕ್ರಿಯಾಪದ. ಲೋಗೋಸ್‌ಗೆ ಮಾತು, ವಿವೇಕ, ಅರ್ಥ ಇವೆಲ್ಲ ಸೇರಿದ ಹರವಿದೆ ಎಂದು ಒಂದು ಮಾತು ಸೇರಿಸಿದರೆ ಸಾಕು.

ಹೆಚ್ಚು ಕಾವೇರುವುದು ‘ಮಗ’ ಎಂಬ ಪದಕ್ಕೆ. ‘ದೇವರಿಗೆ ಮಗ ಅಂದ್ರ ಹೆಂಡ್ತಿ ಯಾರ್ರಿ?’ ಎಂದು ಕೇಳಿದವರು ಎಲ್ಲರೂ ಗೇಲಿ ಮಾಡುತ್ತಿರುವುದಿಲ್ಲ. ಅಲೆಕ್ಸಾಂಡ್ರಿಯದ ಅರಿಯಸ್ ಎಂಬ ಪಾದ್ರಿ ಸಹ ಇದೇ ಗಂಟಿನಲ್ಲಿ ಸಿಕ್ಕಿಕೊಂಡಿದ್ದ: ಮಗನೆಂದ ಮೇಲೆ ಹುಟ್ಟು ಇರಬೇಕು, ಹುಟ್ಟು ಇದ್ದರೆ ಹುಟ್ಟುವ ಮುಂಚೆ ಅವನು ಇರಲಿಲ್ಲ, ಹಾಗಾದರೆ ಅವನೂ ಸೃಷ್ಟಿಯೇ. 325ರ ನಿಕೇಯ ಮಹಾಸಭೆ ಇದಕ್ಕೆ ಕೊಟ್ಟ ಉತ್ತರದ ತಿರುಳು, ಹುಟ್ಟಿದವನು, ಆದರೆ ಮಾಡಿದ ವಸ್ತುವಲ್ಲ ಎಂಬುದು. ಕುಂಬಾರ ಗಡಿಗೆ ಮಾಡುತ್ತಾನೆ, ಗಡಿಗೆ ಕುಂಬಾರನ ಜಾತಿಯದಲ್ಲ. ಅದೇ ಕುಂಬಾರನಿಗೆ ಮಗ ಹುಟ್ಟಿದರೆ ಅವನು ಅಪ್ಪನಷ್ಟೇ ಮನುಷ್ಯ. ಇಲ್ಲಿ ‘ಮಗ’ ಎಂಬ ಪದದಿಂದ ಉಳಿಸಿಕೊಂಡದ್ದು ಅದೊಂದೇ ಅಂಶವನ್ನು, ಅಂದರೆ ಸ್ವಭಾವ ಒಂದೇ ಎಂಬುದನ್ನು. ತಾಯಿ, ಕಾಲ, ದೇಹ ಎಲ್ಲವನ್ನೂ ಕಳೆದಿದ್ದಾರೆ. ‘ಇಷ್ಟೆಲ್ಲ ಕಳೆದ ಮೇಲೆ ಆ ಪದದಾಗ ಉಳೀತೇನ್ರಿ?’ ಎಂದು ಸಂಶಯಿ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಸ್ವಭಾವದ ಸಮಾನತೆ ಮತ್ತು ಒಂದು ಸಂಬಂಧ, ಇವೆರಡು ಉಳಿಯುತ್ತವೆ ಎಂಬುದು ಉತ್ತರ.

ಸಂಶಯಿಗಳ ಕಡೆಯಿಂದ ಪದೇಪದೇ ಬರುವ ಒಂದು ತಪ್ಪನ್ನೂ ಇಲ್ಲೇ ಹೇಳಿಬಿಡಬೇಕು. ಯೇಸುವನ್ನು ದೇವರು ಮಾಡಿದ್ದೇ ನಿಕೇಯದಲ್ಲಿ, ಬೈಬಲಿನ ಪುಸ್ತಕಗಳನ್ನು ಆರಿಸಿದ್ದೂ ಅಲ್ಲೇ ಎನ್ನುತ್ತಾರೆ. ಆ ಸಭೆ ಪುಸ್ತಕಗಳ ಪಟ್ಟಿಯ ತಂಟೆಗೇ ಹೋಗಲಿಲ್ಲ. ಕ್ರೈಸ್ತರು ಯೇಸುವನ್ನು ದೇವರೆಂಬಂತೆ ಹಾಡಿ ಸ್ತುತಿಸುತ್ತಾರೆ ಎಂದು ರೋಮಿನ ಅಧಿಕಾರಿ ಪ್ಲಿನಿ ಚಕ್ರವರ್ತಿಗೆ ಬರೆದದ್ದು ಸುಮಾರು 112ರಲ್ಲಿ, ಅಂದರೆ ನಿಕೇಯಕ್ಕಿಂತ ಇನ್ನೂರು ವರ್ಷ ಮೊದಲು.

ಹೋಲಿಕೆಗಳು ಎಲ್ಲಿ ಮುರಿಯುತ್ತವೆ

ತ್ರಿಯೇಕ ದೇವರ ಸಿದ್ಧಾಂತವನ್ನು ಕನಿಷ್ಠ ಮಾತುಗಳಲ್ಲಿ ಹೇಳುವುದಾದರೆ: ದೇವರು ಒಬ್ಬನೇ, ತಂದೆ, ಮಗ, ಪವಿತ್ರಾತ್ಮ ಮೂವರೂ ಪೂರ್ಣವಾಗಿ ದೇವರು, ಆದರೆ ತಂದೆ ಮಗನಲ್ಲ, ಮಗ ಪವಿತ್ರಾತ್ಮನಲ್ಲ. ಗ್ರೀಕರು ಒಂದಾಗಿರುವುದಕ್ಕೆ ಊಸಿಯ ಎಂದರು, ಮೂರಾಗಿರುವುದಕ್ಕೆ ಹೈಪೋಸ್ಟಾಸಿಸ್ ಎಂದರು. ಕನ್ನಡದಲ್ಲಿ ಸಾರ ಮತ್ತು ವ್ಯಕ್ತಿ ಎನ್ನುತ್ತಾರೆ. ‘ವ್ಯಕ್ತಿ’ ಅಂದ ಕೂಡಲೇ ಮೂರು ಆಧಾರ್ ಕಾರ್ಡು ಕಣ್ಣೆದುರು ಬರುತ್ತವೆ, ಅದು ಈ ಅನುವಾದಕ್ಕೆ ತೆರಬೇಕಾದ ಬೆಲೆ.

ಇದನ್ನು ವಿವರಿಸಲು ಸಂಡೇ ಸ್ಕೂಲಿನಲ್ಲಿ ಕಲಿತ ಹೋಲಿಕೆ ಹಿಡಿದು ಹೊರಟರೆ ಸಿಕ್ಕಿಬೀಳುವುದು ಖಚಿತ.

ನೀರು, ಮಂಜುಗಡ್ಡೆ, ಹಬೆ ಎನ್ನುತ್ತಾರೆ. ಒಂದೇ ನೀರು ಮೂರು ರೂಪ ತಳೆಯುತ್ತದೆ ಎಂದಾದರೆ ಅದು 3ನೇ ಶತಮಾನದಲ್ಲಿ ಕ್ರೈಸ್ತ ಸಭೆಯೇ ತಳ್ಳಿಹಾಕಿದ ಸಬೆಲ್ಲಿಯಸ್‌ನ ಮತ, ಅಂದರೆ ಒಬ್ಬನೇ ದೇವರು ಮೂರು ರೂಪದಲ್ಲಿ ಕಾಣಿಸಿಕೊಳ್ಳುತ್ತಾನೆ ಎಂಬುದು. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೇಸು ನೀರಿನಿಂದ ಮೇಲೇಳುತ್ತಿದ್ದಾನೆ, ಆತ್ಮ ಪಾರಿವಾಳದಂತೆ ಇಳಿಯುತ್ತದೆ, ಅದೇ ಗಳಿಗೆಯಲ್ಲಿ ಆಕಾಶದಿಂದ ತಂದೆಯ ದನಿ ಕೇಳುತ್ತದೆ. ರೂಪ ಬದಲಿಸುವ ಒಬ್ಬನೇ ಆದರೆ ಈ ದೃಶ್ಯವೇ ನಿಲ್ಲುವುದಿಲ್ಲ. ಬಿ.ಎಸ್ಸಿ. ಓದಿದವರು ಯಾರಾದರೂ ಇದ್ದರೆ 0.01 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸುಮಾರು 611 ಪಾಸ್ಕಲ್ ಒತ್ತಡದಲ್ಲಿ ಮೂರೂ ಒಟ್ಟಿಗೇ ಇರುತ್ತವಲ್ಲ ಎಂದು ಎದ್ದು ನಿಲ್ಲುತ್ತಾರೆ. ಇರುತ್ತವೆ ನಿಜ, ಆದರೆ ಆಗ ಒಂದಷ್ಟು ನೀರು ಗಡ್ಡೆ, ಇನ್ನೊಂದಷ್ಟು ಹಬೆ. ಪಾಲು ಮಾಡಿದಂತಾಯಿತು.

ಬಿಲ್ವಪತ್ರೆಯ ಹೋಲಿಕೆ ಈ ಕಡೆಯವರಿಗೆ ಥಟ್ಟನೆ ಹೊಳೆಯುತ್ತದೆ: ತೊಟ್ಟು ಒಂದು, ಎಲೆ ಮೂರು. ಕೆಡುವುದೂ ಅಷ್ಟೇ ಬೇಗ. ಒಂದು ಎಲೆ ಕಿತ್ತರೆ ಪತ್ರೆಯ ಮೂರನೇ ಒಂದು ಭಾಗ ಹೋಯಿತು, ಆದರೆ ಮಗ ದೇವರ ಮೂರನೇ ಒಂದು ಭಾಗ ಎಂದು ಯಾವ ಸಭೆಯೂ ಹೇಳುವುದಿಲ್ಲ. ತ್ರಿಮೂರ್ತಿಗಳ ಹೋಲಿಕೆಯಲ್ಲಿ ಸೃಷ್ಟಿ, ಸ್ಥಿತಿ, ಲಯವೆಂದು ಕೆಲಸ ಹಂಚಿಕೆಯಾಗುತ್ತದೆ. ಕ್ರೈಸ್ತ ಸಿದ್ಧಾಂತದ ಪ್ರಕಾರ ಪ್ರತಿಯೊಂದು ಕೆಲಸದಲ್ಲೂ ಮೂವರೂ ಇದ್ದಾರೆ. ಸೂರ್ಯ ಮತ್ತು ಬೆಳಕಿನ ಹೋಲಿಕೆಗೆ ಮಾತ್ರ ಸ್ವಲ್ಪ ಮರ್ಯಾದೆ ಇದೆ, ಯಾಕೆಂದರೆ ನಿಕೇಯದ ವಿಶ್ವಾಸಪ್ರಮಾಣವೇ ಬೆಳಕಿನಿಂದ ಬಂದ ಬೆಳಕು ಎನ್ನುತ್ತದೆ. ಸೂರ್ಯನಿದ್ದು ಬೆಳಕಿಲ್ಲದ ಹೊತ್ತು ಇರಲಿಲ್ಲ, ಹಾಗೆಯೇ ಮಗನಿಲ್ಲದ ತಂದೆ ಇರಲಿಲ್ಲ. ಹೋಲಿಕೆಯನ್ನು ಅಷ್ಟಕ್ಕೇ ಬಳಸಿ ಕೆಳಗಿಡಬೇಕು.

ಸಂಶಯಿಯ ಕೈಯಲ್ಲಿರುವ ಗಟ್ಟಿ ಆಯುಧ ಬೇರೆ ಇದೆ, ಅದನ್ನು ಬಳಸುವವರು ಕಡಿಮೆ. ‘ತಂದೆ ದೇವರು, ಮಗ ದೇವರು’ ಎಂದು ಕನ್ನಡದಲ್ಲಿ ಹೇಳುವಾಗ ಎರಡು ನಾಮಪದಗಳ ನಡುವೆ ಕ್ರಿಯಾಪದವೇ ಇಲ್ಲ. ಹೀಗಾಗಿ ಎರಡು ಅರ್ಥಗಳು ಒಂದೇ ಅಂಗಿ ಹಾಕಿಕೊಂಡು ಬರುತ್ತವೆ. ‘ಮಲಪ್ರಭಾ ನದಿ’ ಎಂದರೆ ಅದು ನದಿಗಳಲ್ಲಿ ಒಂದು. ‘ಗೋಲಗುಮ್ಮಟದಲ್ಲಿ ಮಲಗಿರುವ ಸುಲ್ತಾನ ಮುಹಮ್ಮದ್ ಆದಿಲ್ ಶಾ’ ಎಂದರೆ ಇಬ್ಬರೂ ಒಬ್ಬನೇ. ಈಗ ಕೇಳಿ: ‘ಮಗ ದೇವರು’ ಎಂಬುದು ಎರಡರಲ್ಲಿ ಯಾವ ಬಗೆ? ಮೊದಲ ಬಗೆಯಾದರೆ, ಮಲಪ್ರಭಾ ನದಿ, ಘಟಪ್ರಭಾ ನದಿ, ಒಟ್ಟು ನದಿ ಎರಡು. ಹಾಗೆಯೇ ದೇವರು ಮೂರು. ಎರಡನೇ ಬಗೆಯಾದರೆ ತಂದೆಯೂ ದೇವರೇ ಮಗನೂ ದೇವರೇ ಆದ್ದರಿಂದ ತಂದೆಯೇ ಮಗ. ಸಬೆಲ್ಲಿಯಸ್ ಮತ್ತೆ ಬಾಗಿಲಲ್ಲಿ ನಿಂತಿರುತ್ತಾನೆ.

ಇದಕ್ಕೆ 4ನೇ ಶತಮಾನದಲ್ಲೇ ನಿಸ್ಸದ ಬಿಷಪ್ ಗ್ರೆಗೋರಿ ಉತ್ತರ ಹುಡುಕಿದ್ದ. ಮೂವರು ಮನುಷ್ಯರು ಮೂರು ಕೆಲಸಗಳನ್ನು ಬೇರೆ ಬೇರೆಯಾಗಿ ಮಾಡುತ್ತಾರೆ, ಆದ್ದರಿಂದ ಮೂವರು ಎಂದು ಎಣಿಸುತ್ತೇವೆ. ದೇವರಲ್ಲಿ ಕ್ರಿಯೆ ಒಂದೇ, ತಂದೆಯಿಂದ ಹೊರಟು ಮಗನ ಮೂಲಕ ಆತ್ಮನಲ್ಲಿ ಪೂರ್ಣವಾಗುವುದು. ಹಾಗಾಗಿ ಎಣಿಕೆಗೆ ಆಧಾರವೇ ಇಲ್ಲ. ಕಳೆದ ಶತಮಾನದಲ್ಲಿ ತತ್ವಶಾಸ್ತ್ರಜ್ಞ ಪೀಟರ್ ಗೀಚ್ ಇನ್ನೊಂದು ದಾರಿ ಹಿಡಿದ: ‘ಒಂದೇ’ ಎಂದಾಗ ‘ಒಂದೇ ಏನು?’ ಎಂದು ಕೇಳಬೇಕು. ಒಂದೇ ದೇವರು, ಆದರೆ ಒಂದೇ ವ್ಯಕ್ತಿಯಲ್ಲ. ಎರಡೂ ಉತ್ತರಗಳಿಗೆ ತಮ್ಮವೇ ಆದ ತೊಡಕುಗಳಿವೆ. ಕ್ರೈಸ್ತರು ಇಲ್ಲಿ ‘ಇದು ರಹಸ್ಯ’ ಎನ್ನಬಹುದು, ಆದರೆ ಮೊದಲ ನಿಮಿಷದಲ್ಲೇ ಹಾಗೆಂದರೆ ತಪ್ಪಿಸಿಕೊಂಡಂತೆ ಕಾಣುತ್ತದೆ. ‘ಒಂದು’ ಮತ್ತು ‘ಮೂರು’ ಒಂದೇ ವಿಷಯಕ್ಕೆ ಹೇಳಿದ್ದಲ್ಲ, ಆದ್ದರಿಂದ ನೇರ ವಿರೋಧಾಭಾಸವಿಲ್ಲ ಎಂದು ತೋರಿಸಿದ ಮೇಲಷ್ಟೇ ಆ ಮಾತಿಗೆ ಬೆಲೆ.

ವಚನ ಎಸೆದಾಟ

ಬೈಬಲಿನ ವಚನಗಳನ್ನು ಒಬ್ಬರಮೇಲೊಬ್ಬರು ಎಸೆಯುವ ಆಟಕ್ಕೆ ಕೊನೆಯಿಲ್ಲ. ಯೋಹಾನ 10:30ರಲ್ಲಿ ತಾನೂ ತಂದೆಯೂ ಒಂದೇ ಎಂದ ಯೇಸು 14:28ರಲ್ಲಿ ತಂದೆ ತನಗಿಂತ ದೊಡ್ಡವನು ಎನ್ನುತ್ತಾನೆ. ಮಾರ್ಕ 13:32ರಲ್ಲಿ ಕಡೆಯ ದಿನ ಯಾವಾಗ ಎಂಬುದು ಮಗನಿಗೂ ಗೊತ್ತಿಲ್ಲ. ಕಾಲ್ಸಿದೋನಿನ ಎರಡು ಸ್ವಭಾವಗಳ ಸೂತ್ರದಿಂದ, ಅವನು ಮನುಷ್ಯನಾಗಿ ಹಾಗೆ ನುಡಿದ ಎಂದು ಉತ್ತರಿಸುವುದು ವಾಡಿಕೆ. ಸೂತ್ರ ಬಂದದ್ದು 451ರಲ್ಲಿ, ಸುವಾರ್ತೆ ಬರೆದದ್ದು 1ನೇ ಶತಮಾನದಲ್ಲಿ. ಹಿಂದಿನ ಪಠ್ಯವನ್ನು ಮುಂದಿನ ಸೂತ್ರದಿಂದ ಓದುತ್ತಿದ್ದೀರಿ ಎಂದು ಸಂಶಯಿ ಹೇಳಿದರೆ, ಹೌದೆಂದು ಒಪ್ಪಿಕೊಂಡು, ಆ ಸೂತ್ರ ಎಲ್ಲ ವಚನಗಳನ್ನೂ ಒಟ್ಟಿಗೆ ಹಿಡಿದಿಡುತ್ತದೆಯೇ ಎಂದು ಪರೀಕ್ಷಿಸಿ ತೋರಿಸುವುದು ಲೇಸು.

1 ಯೋಹಾನ 5:7ನ್ನು, ಅಂದರೆ ಯೋಹಾನನ ಮೊದಲ ಪತ್ರದ ಆ ವಚನವನ್ನು ಮಾತ್ರ ಕೈಗೆತ್ತಿಕೊಳ್ಳಬೇಡಿ. ಪರಲೋಕದಲ್ಲಿ ಸಾಕ್ಷಿ ಹೇಳುವವರು ತಂದೆ, ವಾಕ್ಯ, ಪವಿತ್ರಾತ್ಮ, ಈ ಮೂವರೂ ಒಂದೇ ಎಂಬ ಸಾಲು ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಇಲ್ಲ. ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ ವಿದ್ವಾಂಸ ಎರಾಸ್ಮಸ್ ತನ್ನ 1516 ಮತ್ತು 1519ರ ಮುದ್ರಣಗಳಲ್ಲಿ ಅದನ್ನು ಬಿಟ್ಟಿದ್ದ, 1522ರಲ್ಲಿ ಸೇರಿಸಿದ. ಅಲ್ಲಿಂದ ಅದು ಇಂಗ್ಲಿಷಿನ ಕಿಂಗ್ ಜೇಮ್ಸ್ ಅನುವಾದಕ್ಕೂ ಬಂತು. ತಿಳಿದ ಎದುರಾಳಿ ಇದನ್ನೇ ಕಾಯುತ್ತಿರುತ್ತಾನೆ.

ಮಲಪ್ರಭಾ ಉಕ್ಕಿದ ವರ್ಷ

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರೂರೇ ನೀರಲ್ಲಿ ನಿಂತವು. ‘ನಿಮ್ಮ ದೇವ್ರು ಎಲ್ಲಾ ಬಲ್ಲಾಂವ, ಎಲ್ಲಾ ಮಾಡಾಂವ, ಮ್ಯಾಲೆ ಪ್ರೀತಿ ಬ್ಯಾರೆ. ಅವತ್ತ ಎಲ್ಲಿದ್ದ?’ ಎಂಬ ಪ್ರಶ್ನೆಗೆ ಉತ್ತರಿಸುವ ಮುನ್ನ ಅದನ್ನು ಎರಡು ತುಂಡು ಮಾಡಿಕೊಳ್ಳಬೇಕು.

ಒಂದು: ಇಂಥ ದೇವರೂ ಕೇಡೂ ಒಟ್ಟಿಗೆ ಇರುವುದು ತರ್ಕಕ್ಕೇ ಅಸಾಧ್ಯ ಎಂಬ ವಾದ. ತತ್ವಶಾಸ್ತ್ರಜ್ಞ ಜೆ. ಎಲ್. ಮ್ಯಾಕಿ 1955ರಲ್ಲಿ ಇದನ್ನು ಹರಿತವಾಗಿ ಮಂಡಿಸಿದ. ಸ್ವತಂತ್ರ ಇಚ್ಛೆಯುಳ್ಳ ಜೀವಿಗಳನ್ನು ಮಾಡಿ, ಅವರು ಎಂದೂ ತಪ್ಪದಂತೆಯೂ ಮಾಡುವುದು ದೇವರ ಕೈಯಲ್ಲೂ ಇಲ್ಲದೆ ಇರಬಹುದು ಎಂದು 1974ರಲ್ಲಿ ಆಲ್ವಿನ್ ಪ್ಲಾಂಟಿಂಗ ಉತ್ತರ ಕೊಟ್ಟ. ‘ಇರಬಹುದು’ ಎಂಬಷ್ಟರಿಂದಲೇ ‘ಅಸಾಧ್ಯ’ ಬಿದ್ದುಹೋಗುತ್ತದೆ. ಎರಡು: ಅಸಾಧ್ಯವಲ್ಲದಿದ್ದರೂ ಇಷ್ಟೊಂದು ಅರ್ಥಹೀನ ನೋವು ಕಂಡಮೇಲೆ ಇಂಥ ದೇವರಿರುವ ಸಂಭವ ಕಡಿಮೆ ಎಂಬ ವಾದ. 1979ರಲ್ಲಿ ವಿಲಿಯಂ ರೋ ಕೊಟ್ಟ ಉದಾಹರಣೆ: ಕಾಡ್ಗಿಚ್ಚಿನಲ್ಲಿ ಬೆಂದು, ಯಾರ ಕಣ್ಣಿಗೂ ಬೀಳದೆ ದಿನಗಟ್ಟಲೆ ನರಳಿ ಸಾಯುವ ಜಿಂಕೆಮರಿ. ಅದರಿಂದ ಯಾರಿಗೆ ಯಾವ ಪಾಠ?

ಇಲ್ಲಿ ಕ್ರೈಸ್ತರು ಮಾಡುವ ದೊಡ್ಡ ತಪ್ಪು, ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ಅಂಟಿಸುವುದು. ಸ್ವತಂತ್ರ ಇಚ್ಛೆ ಕೊಲೆಗೆ ಉತ್ತರವಾದೀತು, ಮಳೆಗೆ ಆಗುವುದಿಲ್ಲ. ಹೊಳೆದಂಡೆಯಲ್ಲಿ ಮನೆ ಕಟ್ಟಿದ್ದು, ಅಣೆಕಟ್ಟೆಯ ನೀರು ಬಿಟ್ಟ ಹೊತ್ತು ಮನುಷ್ಯರ ನಿರ್ಧಾರಗಳೇ, ಅಷ್ಟರಮಟ್ಟಿಗೆ ಸರಿ. ಉಳಿದದ್ದಕ್ಕೆ, ನಿಯಮಬದ್ಧ ನಿಸರ್ಗವಿಲ್ಲದೆ ಹೊಣೆಗಾರ ಬದುಕು ಸಾಧ್ಯವಿಲ್ಲ, ನೀರು ಹರಿಯುವ ನಿಯಮವೇ ಹೊಲಕ್ಕೂ ಹೊಳೆಗೂ ಎಂಬ ವಾದ ಇದೆ. ಅದು ಜಿಂಕೆಮರಿಯ ತನಕ ಪೂರ್ತಿ ಮುಟ್ಟುತ್ತದೆ ಎಂದು ಹೇಳಿಕೊಳ್ಳುವುದು ಕಷ್ಟ.

ಈ ನೆಲದಲ್ಲಿ ಮೂರನೆಯ ಧ್ವನಿಯೂ ಇದೆ: ಕರ್ಮ. ಹಿಂದೆ ಮಾಡಿದ್ದನ್ನು ಈಗ ಉಣ್ಣುತ್ತಿದ್ದಾರೆ ಎಂದರೆ ಲೆಕ್ಕ ಚುಕ್ತಾ ಆಗುತ್ತದೆ. ಕ್ರೈಸ್ತರು ಆ ಉತ್ತರವನ್ನು ಎರವಲು ತರುವಂತಿಲ್ಲ. ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪ ಎಂದು ಶಿಷ್ಯರು ಕೇಳಿದಾಗ ಇವನದೂ ಅಲ್ಲ, ಇವನ ಹೆತ್ತವರದೂ ಅಲ್ಲ ಎಂದು ಯೇಸು ಹೇಳಿದ್ದು ಯೋಹಾನ 9ರಲ್ಲಿದೆ. ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚಿನ ಪಾಪಿಗಳೇನಲ್ಲ ಎಂಬ ಮಾತು ಲೂಕ 13ರಲ್ಲಿ. ನೆರೆಯಲ್ಲಿ ಮನೆ ಕಳಕೊಂಡವರ ಎದುರು ‘ದೇವರ ಶಿಕ್ಷೆ’ ಎನ್ನುವ ಬೋಧಕರು ತಮ್ಮ ಗ್ರಂಥವನ್ನೇ ಓದಿಲ್ಲ ಅಷ್ಟೆ. ಯೋಬನ ಪುಸ್ತಕದಲ್ಲಿ ಹಾಗೆ ಉಪದೇಶ ಮಾಡಿದ ಮೂವರು ಗೆಳೆಯರ ಮೇಲೆ ಕೊನೆಗೆ ದೇವರೇ ಸಿಟ್ಟಾಗುತ್ತಾನೆ.

ದೇವರನ್ನು ಮಾಡಿದವರು ಯಾರು?

ಈ ಪ್ರಶ್ನೆ ಕೇಳಿ ಗೆದ್ದೆನೆಂದುಕೊಳ್ಳುವ ಸಂಶಯಿಗಳು ವಾದವನ್ನೇ ತಪ್ಪಾಗಿ ಕೇಳಿಸಿಕೊಂಡಿರುತ್ತಾರೆ. ‘ಎಲ್ಲಕ್ಕೂ ಕಾರಣವಿದೆ’ ಎಂದು ಮಧ್ಯಯುಗದ ಕ್ರೈಸ್ತ ತತ್ವಜ್ಞಾನಿ ಥಾಮಸ್ ಅಕ್ವಿನಾಸ್ ಹೇಳಲಿಲ್ಲ. ಇಲ್ಲದೆಯೂ ಇರಬಹುದಾಗಿದ್ದ ವಸ್ತುಗಳಿಗೆ ಆಧಾರ ಬೇಕು, ಆ ಸಾಲು ಎಲ್ಲೋ ಒಂದು ಕಡೆ ತಾನೇ ತಾನಾಗಿ ಇರುವ ವಸ್ತುವಿನ ಮೇಲೆ ನಿಲ್ಲಬೇಕು ಎಂಬುದು ಅವನ ದಾರಿ. ‘ಆ ನಿಲ್ಲುವ ವಸ್ತು ಜಗತ್ತೇ ಯಾಕಾಗಬಾರದು?’ ಎಂದು ಕೇಳಿದರೆ ವಾದ ನಿಜವಾಗಿ ಶುರುವಾಗುತ್ತದೆ.

ಜಿನಸೇನರ ಪ್ರಶ್ನೆಗಳು ಇದಕ್ಕಿಂತ ಆಳಕ್ಕೆ ಇಳಿಯುತ್ತವೆ: ಸೃಷ್ಟಿಗೆ ಮುಂಚೆ ಅವನು ಎಲ್ಲಿದ್ದ? ಪರಿಪೂರ್ಣನಾದರೆ ಮಾಡಬೇಕೆಂಬ ಇಚ್ಛೆ ಹುಟ್ಟಿದ್ದು ಯಾವ ಕೊರತೆಯಿಂದ? ಕರುಣೆಯಿಂದ ಮಾಡಿದ್ದರೆ ದುಃಖವನ್ನೇಕೆ ಇಟ್ಟ? ಮೊದಲನೆಯದಕ್ಕೆ ಸುಮಾರು 400ರ ಹೊತ್ತಿಗೆ ಬಿಷಪ್ ಆಗಸ್ಟೀನ್ ಬರೆದ ಉತ್ತರವಿದೆ: ಕಾಲವೂ ಸೃಷ್ಟಿಯ ಜೊತೆಗೇ ಬಂದದ್ದು, ಹಾಗಾಗಿ ‘ಮುಂಚೆ’ ಎಂಬುದೇ ಇಲ್ಲ. ಎರಡನೆಯದಕ್ಕೆ, ಕೊಡುವುದೆಲ್ಲ ಕೊರತೆಯಿಂದಲೇ ಆಗಬೇಕಿಲ್ಲ, ತುಂಬಿದ ಕೊಡವೂ ತುಳುಕೀತು ಎನ್ನುತ್ತಾರೆ. ಆದರೆ ತುಳುಕುವುದು ಕೊಡದ ಇಚ್ಛೆಯಿಂದಲ್ಲ, ಕ್ರೈಸ್ತ ದೇವರೋ ಇಚ್ಛೆಪಟ್ಟು ಸೃಷ್ಟಿಸುತ್ತಾನೆ ಎಂದು ಜೈನ ತಾರ್ಕಿಕ ಕೂಡಲೇ ಹಿಡಿಯುತ್ತಾನೆ. ಮೂರನೆಯದು ನಮ್ಮನ್ನು ಮತ್ತೆ ಮಲಪ್ರಭೆಯ ದಂಡೆಗೇ ತರುತ್ತದೆ.

ಇಲ್ಲಿ ಗೆದ್ದರೂ ಸಿಗುವುದು ಒಂದು ಮೂಲಕಾರಣವಷ್ಟೇ. ಅಲ್ಲಿಂದ ಯೇಸುವಿನ ತನಕ ಒಂದೇ ನೆಗೆತಕ್ಕೆ ದಾಟಲಾಗದು. ಆ ದಾರಿ ಇತಿಹಾಸದ್ದು. ಶಿಲುಬೆಯ ಮರಣ ಸುಮಾರು 30 ಅಥವಾ 33ರಲ್ಲಿ. ಪುನರುತ್ಥಾನದ ಸಾಕ್ಷಿಗಳ ಪಟ್ಟಿ ಇರುವ ಪೌಲನ ಕೊರಿಂಥದ ಮೊದಲ ಪತ್ರ ಅದಾಗಿ ಇಪ್ಪತ್ತು ಚಿಲ್ಲರೆ ವರ್ಷಕ್ಕೆ ಬರೆದದ್ದು. ಮಾರ್ಕನ ಸುವಾರ್ತೆ ಸುಮಾರು 70ರದು ಎಂದು ಹೆಚ್ಚಿನ ವಿದ್ವಾಂಸರ ಅಂದಾಜು. ಸಮಾಧಿಗೆ ಹೋದ ಹೆಂಗಸರ ಹೆಸರು ಮಾರ್ಕನಲ್ಲಿ ಮೂರು, ಮತ್ತಾಯನಲ್ಲಿ ಎರಡು, ಯೋಹಾನನಲ್ಲಿ ಮಗ್ದಲದ ಮರಿಯಳೊಬ್ಬಳೇ. ಅಲ್ಲಿ ಕಂಡವರು ಮಾರ್ಕನಲ್ಲಿ ಒಬ್ಬ ಯುವಕ, ಲೂಕನಲ್ಲಿ ಇಬ್ಬರು. ಕಟ್ಟುಕತೆಗೆ ಇದು ಪುರಾವೆ ಎನ್ನುತ್ತಾನೆ ಒಬ್ಬ, ಕೂಡಿ ಮಾತಾಡಿಕೊಂಡು ಬರೆದದ್ದಲ್ಲ ಎಂಬುದಕ್ಕೆ ಪುರಾವೆ ಎನ್ನುತ್ತಾನೆ ಇನ್ನೊಬ್ಬ. ಯೇಸು ಎಂಬವನೇ ಇರಲಿಲ್ಲ ಎನ್ನುವ ಸಂಶಯಿಗೆ ರೋಮಿನ ಅಧಿಕಾರಿ ಪಿಲಾತನ ಕಾಲದ ಆ ಮರಣದಂಡನೆಯನ್ನು ಸುಮಾರು 116ರಲ್ಲಿ ದಾಖಲಿಸಿದ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಅಡ್ಡ ಬರುತ್ತಾನೆ. 1ನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್‌ನ ಪುಸ್ತಕದಲ್ಲಿ ಯೇಸುವಿನ ಬಗ್ಗೆ ಇರುವ ಪ್ರಸಿದ್ಧ ಪ್ಯಾರಾವನ್ನು ಇಡಿಯಾಗಿ ನೆಚ್ಚುವ ಕ್ರೈಸ್ತನೂ ಅಷ್ಟೇ ಎಡವುತ್ತಾನೆ. ಅದರಲ್ಲಿ ನಂತರದವರ ಕೈ ಆಡಿದೆ ಎಂಬುದು ಬಹುತೇಕ ಎಲ್ಲ ವಿದ್ವಾಂಸರ ಮಾತು.

ಕೂರುವ ರೀತಿ

ಎರಡು ಗಂಟೆಗೆ ಒಂದೇ ಪ್ರಶ್ನೆ ಇಟ್ಟುಕೊಳ್ಳಿ, ಅದನ್ನು ಒಂದು ವಾಕ್ಯವಾಗಿ ಹಾಳೆಯಲ್ಲಿ ಬರೆದು ಇಬ್ಬರೂ ಒಪ್ಪಬೇಕು. ತಲಾ ಹತ್ತು ನಿಮಿಷ ಮಂಡನೆ. ಉತ್ತರ ಕೊಡುವ ಮೊದಲು ಎದುರಾಳಿಯ ಮಾತನ್ನು ತಿರುಗಿ ಹೇಳಬೇಕು. ‘ಹೌದ್ರಿ, ನಾ ಹೇಳಿದ್ದು ಅದನ್ನ’ ಎಂದು ಅವರು ಒಪ್ಪಿದ ಮೇಲಷ್ಟೇ ಮುಂದಿನ ಮಾತು. ಬೈಬಲಿನ ಪುಸ್ತಕಗಳ ಹೆಸರು ಕಥೋಲಿಕ ಮತ್ತು ಪ್ರೊಟೆಸ್ಟಂಟ್ ಮುದ್ರಣಗಳಲ್ಲಿ ಬೇರೆಯಾಗಿರುವುದರಿಂದ ಒಂದೇ ಪ್ರತಿ ಮೇಜಿನ ಮೇಲಿರಲಿ. ಮತಾಂತರದ ರಾಜಕೀಯ ನುಗ್ಗಿದರೆ ಆ ದಿನದ ಸಭೆ ಅಲ್ಲಿಗೆ ಮುಗಿಯಿತೆಂದೇ ತಿಳಿಯಿರಿ. ದೇವರನ್ನು ಪ್ರಶ್ನಿಸುವುದು ಅಪರಾಧವಲ್ಲ. ಬೇಕೆಂದೇ, ಕೆಟ್ಟ ಉದ್ದೇಶದಿಂದ ಒಂದು ವರ್ಗದ ಧಾರ್ಮಿಕ ಭಾವನೆಯನ್ನು ಕೆರಳಿಸಲೆಂದು ಅವಮಾನಿಸುವುದು ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮಿನಡಿ ಅಪರಾಧ. ಮೊಬೈಲಿನಲ್ಲಿ ಮೂವತ್ತು ಸೆಕೆಂಡಿನ ತುಣುಕು ಕತ್ತರಿಸಿ ಹಂಚುವವರು ಇದ್ದಾರೆಂಬುದು ನೆನಪಿರಲಿ.

‘ಪ್ರಾರ್ಥನಿ ಮಾಡಿದ್ರು, ಗುಣ ಆತು’ ಎಂಬ ಸಾಕ್ಷಿ ಬಂದೇ ಬರುತ್ತದೆ. ನಕ್ಕರೆ ಆ ಮನೆಯವರ ನೋವಿಗೆ ನಕ್ಕಂತೆ, ಸುಮ್ಮನೆ ಒಪ್ಪಿದರೆ ವಾದಕ್ಕೇ ಅರ್ಥವಿಲ್ಲ. ರೋಗಿಗಳು ಗುಣ ಬೇಡಿ ಹೋಗುವ ಯಾತ್ರಾಸ್ಥಳವಾದ ಫ್ರಾನ್ಸಿನ ಲೂರ್ದ್‌ನಲ್ಲಿ ಕಥೋಲಿಕ ಸಭೆಯೇ ಇಟ್ಟುಕೊಂಡ ಅಳತೆಗೋಲು ಇಲ್ಲಿ ಉಪಯೋಗಕ್ಕೆ ಬರುತ್ತದೆ: ರೋಗ ಗಂಭೀರವಾಗಿತ್ತೇ, ದಾಖಲೆ ಇದೆಯೇ, ಔಷಧಿಯಿಂದ ಆಗಿರಬಹುದೇ, ಗುಣವಾದದ್ದು ಥಟ್ಟನೆಯೇ, ಪೂರ್ತಿಯೇ, ವರ್ಷಗಳ ನಂತರವೂ ಉಳಿದಿದೆಯೇ. ಅಲ್ಲಿ ವರದಿಯಾದ 7,000ಕ್ಕೂ ಹೆಚ್ಚು ಪ್ರಕರಣಗಳಲ್ಲಿ 70ನೆಯದನ್ನು ಪವಾಡವೆಂದು ಒಪ್ಪಿದ್ದು 2018ರಲ್ಲಿ. ಆಸ್ಪತ್ರೆಯ ಫೈಲು ತರಿಸಿ ಈ ಆರು ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ. ಸಕ್ಕರೆ ಕಾಯಿಲೆಯ ಅಥವಾ ಬಿ.ಪಿ.ಯ ಮಾತ್ರೆಯನ್ನು ಆ ಸಾಕ್ಷಿಯ ಬಲದ ಮೇಲೆ ಯಾರಾದರೂ ನಿಲ್ಲಿಸಿದ್ದಾರೆಂದು ಗೊತ್ತಾದರೆ ವಾದವನ್ನು ಅಲ್ಲೇ ಬಿಟ್ಟು, ಅವರನ್ನು ಅದೇ ದಿನ ಡಾಕ್ಟರ ಹತ್ತಿರ ಕರೆದೊಯ್ಯಿರಿ.